ಹಡಗಿನ ಓಣಿ, ನಮ್ಮ ಚಪ್ಪಲಿ ಸ್ಟ್ಯಾಂಡು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ನಾನು ಕೊನೆಯದಾಗಿ ಸೇವ್ ಮಾಡಿದ ನಕ್ಷೆಯ ಪಕ್ಕ ಕಂಪ್ಯೂಟರು ಬರೆದುಕೊಂಡ ಸಮಯ ಅದು. ಕರೆಂಟು ಹೋಗಿತ್ತು. ಅದೇನೂ ಹೊಸದಲ್ಲ, ಯುಪಿಎಸ್ ಕುಂಯ್‌ಗುಟ್ಟಿತು, ನಾವೆಲ್ಲ ಎಂದಿನಂತೆ ಕೆಲಸ ಉಳಿಸಿ ಕೈಕಟ್ಟಿ ಕುಳಿತೆವು. ಆಮೇಲೆ ಬ್ಯಾಟರಿ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ಬಂತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಲೇತ್‌ಗಳ ಸದ್ದಿನ ನಡುವೆ, ಮೂರನೆಯ ಮಹಡಿಯಲ್ಲಿತ್ತು ನಮ್ಮ ಆಫೀಸು. ದಪ್ಪ ಮಾನಿಟರುಗಳ ಕಾಲ. ದೂರದೇಶದ ಹಡಗುಕಟ್ಟೆಯೊಂದರಲ್ಲಿ ಭಾರಿ ವಿಹಾರ ನೌಕೆಯೊಂದು ಮೇಲೇಳುತ್ತಿತ್ತು. ಅದರ ಕೆಲವು ಅಂತಸ್ತುಗಳ ಒಳನಕ್ಷೆ ಬಿಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಬಿ.ಇ. ಮುಗಿಸಿ ಸೇರಿದ್ದ ನಾನು ಆವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ನಮ್ಮ ಮುಖ್ಯಸ್ಥರು, ಡ್ರಾಯಿಂಗ್ ಬೋರ್ಡಿನ ಕಾಲದಿಂದಲೂ ಪೆನ್ಸಿಲ್ ಹಿಡಿದವರು, "ಸಮುದ್ರ ಆಮೇಲೆ ನೋಡೋಣ, ಮೊದಲು ಸ್ಯಾಂಕಿ ಕೆರೆಗಾದ್ರೂ ಹೋಗ್ಬಿಟ್ ಬಾರಮ್ಮ" ಎಂದು ಕಾಲೆಳೆಯುತ್ತಿದ್ದರು.

ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಪ್ರಯಾಣಿಕರ ಕೋಣೆಗಳು ಬಚ್ಚಲಿನ ಸಮೇತ ಬೇರೆಲ್ಲೋ ತಯಾರಾಗಿ ಬರುತ್ತವೆ. ಮೇಜಿನ ಡ್ರಾಯರಿನಂತೆ ಅವನ್ನು ಹಡಗಿನೊಳಗೆ ತಳ್ಳುತ್ತಾರೆ. ಮೇಲೆ ರತ್ನಗಂಬಳಿ ಹಾಸಿದ ಓಣಿಗಳು. ಕೆಳಗೆ ಕೆಲಸಗಾರರದೇ ಇನ್ನೊಂದು ಊರು: ಲಾಂಡ್ರಿ, ರೊಟ್ಟಿ ಬೇಯಿಸುವ ಮನೆ, ಒಂದರ ಮೇಲೊಂದು ಮಂಚವಿರುವ ಪುಟ್ಟ ಕೋಣೆಗಳು, ಕಬ್ಬಿಣದ ಮೆಟ್ಟಿಲು. ಓಣಿಗಳ ನೆಲದಂಚಿಗೆ, ಕತ್ತಲಲ್ಲಿ ಹೊಳೆಯುವ ಪಟ್ಟಿಯನ್ನು ಎಳೆಯುವುದು ನನ್ನ ಕೆಲಸ.

ನಮಗೆ ಚಹಾ ಕೊಡುತ್ತಿದ್ದವಳು ಬಾಗಲಕೋಟೆ ಕಡೆಯಿಂದ ಬಂದು ಬಾಪೂಜಿ ನಗರದಲ್ಲಿದ್ದ ಹೆಂಗಸು. ಬಾಗಿಲಲ್ಲಿ ನಿಂತು "ಚಾ ತಗೋರ್ರೀ!" ಎಂದರೆ ಕೆಳಗಿನ ಲೇತಿನವರೂ ತಲೆಯೆತ್ತಬೇಕು, ಅಂಥ ದನಿ. ಒಮ್ಮೆ ನನ್ನ ಬೆನ್ನ ಹಿಂದೆ ನಿಂತು ಕೇಳಿದಳು.

"ಇಷ್ಟ ದೊಡ್ಡ ಹಡಗಿನ್ಯಾಗ ಚಾ ಮಾಡಾಕಿ ಎಲ್ಲಿ ಮಲಗ್ತಾಳ ತಂಗಿ?"

ನಾನು ಕೆಳಗಿನ ಕೋಣೆಯೊಂದನ್ನು ತೋರಿಸಿದೆ.

"ಬೆಂಕಿ ಬಿದ್ರ?"

"ಎರಡು ದಾರಿ ಇದೆ. ಹೊಗೆ ಮೇಲಕ್ಕೆ ಹೋಗುತ್ತಲ್ಲ, ಅದಕ್ಕೇ ಈ ಪಟ್ಟಿ ನೆಲದ ಹತ್ತಿರ. ಬಗ್ಗಿಕೊಂಡು ಇದನ್ನ ನೋಡ್ತಾ ಹೋಗ್ಬೇಕು."

"ಚಲೋ ಐತಿ. ನಮಗ ನೆಲ ಒರೆಸಿ ಒರೆಸಿ ಬಗ್ಗಿ ರೂಢಿ ಐತಿ" ಎಂದು ನಕ್ಕು ಲೋಟ ಎತ್ತಿಕೊಂಡು ಹೋದಳು.

ಅದೇ ವಾರ ನನ್ನ ನಕ್ಷೆಯೊಂದು ಹಡಗುಕಟ್ಟೆಯಿಂದ ಕೆಂಪು ಗುರುತು ಹೊತ್ತು ವಾಪಸು ಬಂತು. ಓಣಿಯ ಮೂಲೆಯಲ್ಲಿ ಅಂದಕ್ಕೆಂದು ನಾನು ಇಟ್ಟಿದ್ದ ಹೂಕುಂಡವನ್ನು ತೆಗೆಯಬೇಕಂತೆ. "ಒಂದು ಹೂಕುಂಡಕ್ಕೆ ಇಷ್ಟೊಂದಾ ಸಾರ್?" ಎಂದೆ. "ಹೊಗೆ ಬಂದಾಗ ಅದು ಹೂಕುಂಡ ಅಲ್ಲಮ್ಮ, ಗೋಡೆ" ಎಂದರು ಮುಖ್ಯಸ್ಥರು. ಅಳಿಸಿದೆ, ಮುಖ ಊದಿಸಿಕೊಂಡು.

ನಮ್ಮ ಆಫೀಸಿನ ಬಾಗಿಲಾಚೆ, ಮೆಟ್ಟಿಲಿನ ತಲೆಯಲ್ಲೇ, ಐದಂತಸ್ತಿನ ಚಪ್ಪಲಿ ಸ್ಟ್ಯಾಂಡು ನಿಂತಿತ್ತು. ಕಂಪ್ಯೂಟರಿಗೆ ಧೂಳಾಗುತ್ತದೆಂದು ಎಲ್ಲರೂ ಬರಿಗಾಲಲ್ಲೇ ಒಳಗೆ ಬರಬೇಕು. ಹಿಂದಿನ ಮೆಟ್ಟಿಲನ್ನು ಕೆಳಗಿನ ಗೋಡೌನಿನವರು ರಟ್ಟಿನ ಪೆಟ್ಟಿಗೆಗಳಿಂದ ತುಂಬಿಸಿದ್ದರು. ದಿನವಿಡೀ ಓಣಿಗಳನ್ನೇ ಅಳೆಯುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

ಹೊಗೆ ಬಂದಾಗ ಎಲ್ಲರೂ ಬಾಗಿಲಿಗೆ ನುಗ್ಗಿದೆವು. ನುಗ್ಗಿದವರು ಅಲ್ಲಿ ನಿಂತೆವು! ಚಪ್ಪಲಿ ಹುಡುಕುತ್ತ. ಒಬ್ಬ "ಮಗಾ, ನನ್ ಶೂ ಕಣೋ ಅದು, ಬಿಡೋ" ಎಂದು ಕೂಗುತ್ತಿದ್ದ. ಬೇಗ ಸಿಕ್ಕವರು ಇಳಿದರು. ನನಗೆ ಬಲಗಾಲಿನದು ಸಿಕ್ಕಿತ್ತು, ಎಡಗಾಲಿನದು ಸಿಗಲಿಲ್ಲ. ಸ್ಟ್ಯಾಂಡಿನ ಮೂರನೆಯ ಅಂತಸ್ತಿನಲ್ಲಿ ಕೈ ಆಡಿಸುತ್ತಿದ್ದೇನೆ, ಕಣ್ಣು ಕಾಣುತ್ತಿಲ್ಲ, ಆದರೂ ಆಡಿಸುತ್ತಿದ್ದೇನೆ. ಇವತ್ತಿಗೂ ಸುಮ್ಮನೆ ಕುಳಿತಾಗ ನನ್ನ ಕೈ ಅಲ್ಲಿಗೇ ಹೋಗುತ್ತದೆ. ನನ್ನ ಹಿಂದೆ ಒಬ್ಬರಿದ್ದಾರೆ, ನಾನು ಜರುಗದೆ ಅವರು ಇಳಿಯಲಾರರು ಎಂಬುದು ನನಗೆ ಹೊಳೆಯಲೇ ಇಲ್ಲ.

"ಏನ್ ಹುಡುಕಾಕತ್ತಿ? ಕೆಳಗ ಬಗ್ಗು! ನೀನ ಹೇಳಿದ್ದಿಲ್ಲೇನ?"

ಚಹಾದವಳು. ನನ್ನ ಕುತ್ತಿಗೆ ಹಿಡಿದು ನೆಲಕ್ಕೆ ಬಗ್ಗಿಸಿದಳು. ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲಿನವರೆಗೆ "ಬಗ್ಗು, ಬಗ್ಗು" ಎಂದು ಕೂಗುತ್ತ, ಆ ಹೊಗೆಯನ್ನೆಲ್ಲ ಬಾಯಿತುಂಬ ಕುಡಿಯುತ್ತ, ಕುಂಡೆಯ ಮೇಲೆ ಜಾರಿಸಿಕೊಂಡು ನನ್ನನ್ನು ರಸ್ತೆಗೆ ತಂದಳು.

ಲೇತಿನವರು ಮರಳು ಎರಚಿ ಬೆಂಕಿ ಆರಿಸಿದರು. ಯಾರಿಗೂ ಸುಡಲಿಲ್ಲ. ಅವಳ ದನಿ ಮಾತ್ರ ಹೋಯಿತು. ಬರುತ್ತೆ, ಕಾಯಬೇಕು ಎಂದರು ಡಾಕ್ಟರು. ಎಷ್ಟು ದಿನ ಎಂದು ಹೇಳಲಿಲ್ಲ.

ಬಸವೇಶ್ವರನಗರದ ಮನೆಯಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಎಡ ಚಪ್ಪಲಿ ಹುಡುಕುತ್ತ ಎದ್ದು ಕೂರುತ್ತಿದ್ದೆ. ಭಾನುವಾರ ಮೂಸಂಬಿ ಹಿಡಿದು ಬಾಪೂಜಿ ನಗರಕ್ಕೆ ಹೋದೆ. ಅವಳು ಗೋಡೆಗೊರಗಿ ಕುಳಿತಿದ್ದಳು. "ನಾನು ಚಪ್ಪಲಿ ಬಿಟ್ಟು ಬಂದಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ಲ" ಎಂದು ಅತ್ತುಬಿಟ್ಟೆ. ಅವಳು ನನ್ನ ಕಾಲು ನೋಡಿದಳು, ಗಾಳಿಯಂಥ ದನಿಯಲ್ಲಿ ಕೇಳಿದಳು:

"ಹೊಸಾವು ತಗೊಂಡಿ?"

ಅಳುತ್ತಲೇ ನಗು ಬಂತು.

ಆಫೀಸು ಮತ್ತೆ ತೆರೆದಾಗ ಚಪ್ಪಲಿ ಸ್ಟ್ಯಾಂಡು ಇರಲಿಲ್ಲ. ಮುಖ್ಯಸ್ಥರು ಅದನ್ನು ಗುಜರಿಗೆ ಹಾಕಿಸಿ, ಗೋಡೌನಿನವರೊಂದಿಗೆ ಜಗಳವಾಡಿ ಹಿಂದಿನ ಮೆಟ್ಟಿಲು ಬಿಡಿಸಿದ್ದರು. ಚಪ್ಪಲಿ ಈಗ ಅವರವರ ಮೇಜಿನ ಕೆಳಗೆ. "ಧೂಳಾದ್ರೆ ಒರೆಸ್ಕೊಳ್ಳೋಣ" ಎಂದರು. ಅವಳೂ ಬಂದಳು. ಸದ್ದಿಲ್ಲದೆ ಲೋಟ ಇಟ್ಟು ಹೋಗುತ್ತಿದ್ದಳು. ಪ್ರತಿ ಸಲವೂ ನಾನು ತಲೆ ತಗ್ಗಿಸಿ ಓಣಿಯ ಪಟ್ಟಿ ಎಳೆಯುತ್ತಿದ್ದೆ.

ಒಂದು ಶನಿವಾರ, ಯಾರೂ ನಿರೀಕ್ಷಿಸದಿದ್ದಾಗ, ಬಾಗಿಲಿನಿಂದ ಕೇಳಿತು: "ಚಾ ತಗೋರ್ರೀ!" ಕೊನೆಗೆ ಸ್ವಲ್ಪ ಒಡೆಯಿತು, ಆದರೂ ಕೆಳಗೆ ಯಾವುದೋ ಲೇತ್ ನಿಂತಿತು. "ಬಂತಲ್ಲಪ್ಪಾ ಸೈರನ್ನು!" ಎಂದರು ಮುಖ್ಯಸ್ಥರು. ಅವಳು ನನ್ನ ಮೇಜಿನ ಮೇಲೆ ಲೋಟ ಕುಕ್ಕಿ, "ಈಗರ ಮ್ಯಾಲ ನೋಡು" ಎಂದಳು.

ಆ ರಾತ್ರಿ ಮಲಗಿದ ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಮ್ಮ ಇಡ್ಲಿ ಪಾತ್ರೆ ಇಳಿಸುತ್ತ, "ಎರಡು ಸಲ ಕರೆದೆ, ಎದ್ದೇ ಇಲ್ಲ ಕಣೇ" ಎಂದು ಗೊಣಗುತ್ತಿದ್ದರು.