ಒಳಗಿನ ಪೆಟ್ಟಿಗೆ, ಹೊರಗಿನ ಅತ್ತಿಗೆ

ಅತ್ತಿಗೆ ಕೊನೆಯ ಬಾರಿ ನನ್ನನ್ನು ಕೂಗಿದ್ದು ನಾನು ಎರಡನೆಯ ದೋಸೆಗೆ ಕೈ ಹಾಕಿದಾಗ.

"ತಮಾ, ಗುಂಡಿ ಒತ್ತಿದ್ಯನಾ?"

"ತಿಂಡಿ ತಿಂತಾ ಇದ್ದೆ ಅತ್ಗೆ."

"ದೋಸೆ ಎಲ್ಲಿಗೂ ಓಡಿಹೋಗ್ತಿಲ್ಲೆ. ಎದ್ದು ಬಾರಾ!"

ಎದ್ದೆ. ಎಡಗೈಯಲ್ಲಿ ಗುಂಡಿ ಒತ್ತಿದೆ. ದೇವರ ಕೋಣೆಯ ಪಕ್ಕದ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಪೆಟ್ಟಿಗೆ ಒಮ್ಮೆ ಕೆಮ್ಮಿ ಗುಂಯ್‌ಗುಡತೊಡಗಿತು. ಜಗುಲಿಯಿಂದ "ಹಾಂ, ಬಂತು" ಎಂಬ ಮಾತು ಕೇಳಿತು. ನಾನು ಮರಳಿ ಬಂದಾಗ ದೋಸೆ ಓಡಿಹೋಗಿರಲಿಲ್ಲ, ತಣಿದಿತ್ತು ಅಷ್ಟೆ. ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದ್ದದ್ದು ಇದೇ. ಹಾಗಾಗಿ ಆ ಬೆಳಗನ್ನು ವಿಶೇಷವಾಗಿ ನೆನಪಿಟ್ಟುಕೊಳ್ಳುವ ಎಚ್ಚರ ನನಗೆ ಬರಲಿಲ್ಲ.

ಜಗುಲಿಯಲ್ಲಿ ಕೂತವರಿಗೆ ಒಳಗಿನ ಪೆಟ್ಟಿಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಅಣ್ಣನ ಹೆಂಡತಿಯಾಗಿ ಶಿರಸಿ ಪೇಟೆಯ ಈ ಮನೆಗೆ ಬಂದ ಅತ್ತಿಗೆ ಆಮಂತ್ರಣ ಪತ್ರಿಕೆಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಸಿದ್ದಾಪುರದವರು, ಯಲ್ಲಾಪುರದವರು ಕೂಡ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮದುವೆಯ ವಯಸ್ಸು ದಾಟಿಸಿ ನೆಮ್ಮದಿಯಾಗಿದ್ದ ನನಗೆ ಅದರಿಂದ ಒಂದೇ ಕಷ್ಟ. "ಮೂರು ತಾಲ್ಲೂಕಿನವರ ಮದ್ವೆ ಕಾರ್ಡು ಇದ್ರಲ್ಲಿ ಇದ್ದು. ನಿಂದೊಂದೇ ಇಲ್ಲೆ ನೋಡಾ" ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು.

ಕಂಪ್ಯೂಟರು ಕೊಂಡಾಗ ಪ್ಲಗ್ಗು ಇದ್ದದ್ದು ದೇವರ ಕೋಣೆಯ ಪಕ್ಕ. ಪೆಟ್ಟಿಗೆ ಅಲ್ಲೇ ಕೂತಿತು. ಆಗ ನಮ್ಮನ್ನು ಹೆತ್ತ ಆಯಿ ಇದ್ದಳು, ಆಯಿಯ ಮಡಿ ಇತ್ತು. ತಿಂಗಳಲ್ಲಿ ಮೂರು ದಿನ ಅತ್ತಿಗೆ ಒಳಗೆ ಬರುವಂತಿರಲಿಲ್ಲ. ಮದುವೆಯ ಮುಹೂರ್ತಗಳಿಗೆ ಇದು ತಿಳಿಯುತ್ತದೆಯೇ? ಗಿರಾಕಿ ಗೇಟಿನಲ್ಲಿ, ಅತ್ತಿಗೆ ಜಗುಲಿಯಲ್ಲಿ, ಕಾರ್ಡು ಒಳಗೆ. ಮನೆಗೆ ವೈಫೈ ಬಂದ ಮೇಲೆ ಅವಳು ಯಾರನ್ನೋ ಫೋನಿನಲ್ಲಿ ಕಾಡಿ ಕೇಳಿ, ಒಳಗಿನ ಪೆಟ್ಟಿಗೆಯ ಡಿಸ್ಕುಗಳನ್ನು ಜಗುಲಿಯ ಲ್ಯಾಪ್‌ಟಾಪಿನಲ್ಲಿ ತೆರೆಯುವುದನ್ನು ಕಲಿತಳು. ಅದಕ್ಕೆ ಆಯಿಯ ಒಪ್ಪಿಗೆ ಬೇಕಲ್ಲ. ಆಯಿ ಎರಡು ಸಲ ವಿವರ ಕೇಳಿಸಿಕೊಂಡು ತೀರ್ಪು ಕೊಟ್ಟಳು: "ಮುಟ್ಟದೇ ಎಂತ ಬೇಕಾರೂ ಮಾಡ್ಕ್ಯ. ಗಾಳಿಗೆ ಎಂತಾ ಮೈಲಿಗೆ?"

"ಅತ್ತೆ ಶಾಸ್ತ್ರ ಗಟ್ಟಿ ಇದ್ದು ತಮಾ. ಸಿಗ್ನಲ್ಲೇ ಮೆದು" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದಳು.

ಗುಂಡಿಯನ್ನು ಮಾತ್ರ ಗಾಳಿ ಒತ್ತುವುದಿಲ್ಲ. ಆ ಹುದ್ದೆಗೆ ನನ್ನ ನೇಮಕವಾಯಿತು.

ಆಯಿ ಹೋದಳು. ಮೂರು ದಿನದ ಲೆಕ್ಕವೂ ಎಂದೋ ನಿಂತಿತು. ಆದರೂ ಅತ್ತಿಗೆ ಜಗುಲಿ ಬಿಡಲಿಲ್ಲ. ಅಲ್ಲಿ ಗಾಳಿ ಬರುತ್ತದೆ, ಬೀದಿ ಕಾಣುತ್ತದೆ, ಯಾರು ಯಾರ ಸ್ಕೂಟರಿನಲ್ಲಿ ಹೋದರೆಂದು ತಿಳಿಯುತ್ತದೆ. ಮುಂದೆ ಒಂದು ಸಿಡಿಲಿಗೆ ಹಳೆಯ ಕಂಪ್ಯೂಟರಿನ ಪರದೆ ಸುಟ್ಟುಹೋಯಿತು. ಹೊಸದು ತರೋಣ ಎಂದೆ. "ಮುಖ ಹೋದ್ರೆ ಎಂತಾತು, ತಲೆ ಇದ್ದಲಾ. ನಿಂಗೆ ಉಲ್ಟಾ" ಎಂದಳು. ಅಂದಿನಿಂದ ಆ ಪೆಟ್ಟಿಗೆಯ ಒಳಗು ಕಾಣುವುದು ಜಗುಲಿಯಿಂದ ಮಾತ್ರ.

ಪೆಟ್ಟಿಗೆಯಲ್ಲಿದ್ದದ್ದು ಎರಡು ಡಿಸ್ಕು. ಒಂದಕ್ಕೆ 'ಶುಭ' ಎಂದು ಹೆಸರಿಟ್ಟಿದ್ದಳು, ಮದುವೆ ಮುಂಜಿಗಳಿಗೆ. ಇನ್ನೊಂದು 'ಬೊಜ್ಜ', ಸತ್ತವರ ಹನ್ನೆರಡನೆಯ ದಿನದ ಕಾರ್ಡುಗಳಿಗೆ. ಎರಡನ್ನೂ ಒಂದರಲ್ಲೇ ಇಟ್ಟರೆ ಜಾಗ ಉಳಿಯುತ್ತದೆ ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ. "ಮದ್ವೆ ಮನೆಯವ್ಕೆ ಗೊತ್ತಾದ್ರೆ ನಿನ್ನನ್ನೇ ಬೊಜ್ಜದ ಡಿಸ್ಕಿಗೆ ಹಾಕ್ತ್ರು" ಎಂದಿದ್ದಳು.

ಆ ಕೊನೆಯ ದಿನ ಅವಳು ಮುಗಿಸಿದ್ದು ಹುಲಗೋಳದ ಹೆಗಡೆಯವರ ಮಗಳ ಮದುವೆಯ ಕಾರ್ಡು. ಮುಗಿದರೂ ಅಂದೇ ಕಳಿಸುವ ಪದ್ಧತಿ ಇರಲಿಲ್ಲ. "ನಾಳೆ ಹೊಸ ಕಣ್ಣಲ್ಲಿ ಒಂದ್ಸಲ ನೋಡ್ಕಂಡು ಕಳ್ಸನ" ಎಂದು ಲ್ಯಾಪ್‌ಟಾಪು ಮುಚ್ಚಿದಳು. ಮರುದಿನ ಬೆಳಿಗ್ಗೆ ಅತ್ತಿಗೆ ಏಳಲಿಲ್ಲ. ಹೃದಯ ನಿಂತಿತ್ತು ಎಂದರು.

ಕೆಲವು ದಿನಗಳ ಮೇಲೆ ಹೆಗಡೆಯವರು ಬಂದರು. ಗೇಟು ದಾಟಲಿಲ್ಲ. ಮದುವೆ ಹತ್ತಿರ ಬಂದಿತ್ತು, ನಮ್ಮದು ಸೂತಕದ ಮನೆ.

"ಇಂಥಾ ಹೊತ್ತಲ್ಲಿ ಕೇಳಲಾಗ ಹೇಳಿ ಗೊತ್ತಿದ್ದು" ಎಂದು ಚಪ್ಪಲಿ ನೋಡುತ್ತ ನಿಂತರು. "ಊರೆಲ್ಲ ಕಾರ್ಡು ಹಂಚವು. ಆದ್ರೆ ಇಲ್ಲಿಂದ ಈಗ ಹೆಂಗೆ ತಗಂಡು ಹೋಪದು? ಬೇರೆ ಕಡೆ ಹೊಸ್ತಾಗಿ ಮಾಡ್ಸಲಕ್ಕನ..."

ಬೇರೆ ಕಡೆ! ಅತ್ತಿಗೆ ಒಪ್ಪಿಕೊಂಡ ಕೆಲಸ ಬೇರೆಯವರ ಕೈಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಅಷ್ಟು ದಿನ ಬಾಯಿ ಬಿಡದೆ ಕೂತಿದ್ದ ಅಣ್ಣ ಒಳಗಿನಿಂದ ಮಾತಾಡಿದ.

"ಗಾಳಿಗೆ ಎಂತಾ ಮೈಲಿಗೆ? ಆಯಿ ಹೇಳಿದ್ದು ಮರ್ತ್ಯನಾ? ಅದು ಒಪ್ಕಂಡ ಕೆಲ್ಸ. ಕಳ್ಸಿಕೊಡು."

ಅತ್ತಿಗೆಯ ಮಣೆಯ ಮೇಲೆ ಕೂತು ಲ್ಯಾಪ್‌ಟಾಪು ತೆರೆದೆ. ಹುಡುಕಿದೆ. ಒಳಗಿನ ಪೆಟ್ಟಿಗೆ ಸಿಗುತ್ತಿಲ್ಲ ಎಂದಿತು. ವೈಫೈ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಮಗುವನ್ನು ಆಡಿಸುವವನಂತೆ ಜಗುಲಿಯ ತುದಿಯಿಂದ ತುದಿಗೆ ನಡೆದೆ. ಸಿಗುತ್ತಿಲ್ಲ. ಎರಡು ಡಿಸ್ಕೂ ಅವಳ ಜೊತೆಗೇ ಹೋದವು ಎಂದುಕೊಂಡೆ. ಕಣ್ಣು ಒದ್ದೆಯಾಯಿತು. ಹೆಗಡೆಯವರು ಪಾಪ, ಬೀದಿಯ ಕಡೆ ತಿರುಗಿ ನಿಂತರು.

ಆಗ ಹೊಳೆಯಿತು. ನಾನು ಗುಂಡಿಯನ್ನೇ ಒತ್ತಿರಲಿಲ್ಲ.

ಇಷ್ಟು ವರ್ಷ ಒತ್ತಿದ್ದು ನಾನೇ. ಆದರೆ ಕೂಗು ಕೇಳದೆ ಒಂದು ದಿನವೂ ಒತ್ತಿದವನಲ್ಲ. ಅಂದು ಯಾರೂ ಕೂಗಿರಲಿಲ್ಲ.

ಒಳಗೆ ಹೋಗಿ ಒತ್ತಿದೆ. ಪೆಟ್ಟಿಗೆ ಕೆಮ್ಮಿತು. ಜಗುಲಿಗೆ ಬಂದು ಕಾದೆ. 'ಶುಭ', 'ಬೊಜ್ಜ' ಎರಡೂ ಅಕ್ಕಪಕ್ಕ ಬಂದು ನಿಂತವು. ಶುಭವನ್ನು ತೆರೆದು ಹುಲಗೋಳದ ಕಾರ್ಡನ್ನು ನನ್ನ ಹಳೆಯ ಕಣ್ಣಲ್ಲೇ ಒಂದು ಸಲ ನೋಡಿ ಕಳಿಸಿದೆ. ಗೇಟಿನಾಚೆ ಹೆಗಡೆಯವರ ಫೋನು ಟಿಂಗ್ ಎಂದಿತು. ಅವರು ಅದನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಹೋದರು. ಮನೆಗೆ ಹೋಗಿ ಫೋನಿಗೂ ಸ್ನಾನ ಮಾಡಿಸಿದರೋ ಏನೋ. ಮದುವೆಯಂತೂ ಆ ಕಾರ್ಡಿನಲ್ಲೇ ಆಯಿತು.

ಇನ್ನೊಂದು ಡಿಸ್ಕನ್ನು ತೆರೆಯಲು ನನ್ನಿಂದ ಆಗಲಿಲ್ಲ. ಅತ್ತಿಗೆಯ ಕಾರ್ಡನ್ನು ಪೇಟೆಯ ಪ್ರೆಸ್ಸಿನಲ್ಲಿ ಮಾಡಿಸಿದೆವು. ಸುತ್ತಲೂ ಬಳ್ಳಿ, ಬಳ್ಳಿಯ ತುಂಬ ಗುಲಾಬಿ. ನೋಡಿದ್ದರೆ ಒಂದು ವಾರ ನಗುತ್ತಿದ್ದಳು.

ಪೆಟ್ಟಿಗೆ ಈಗಲೂ ಅದೇ ಮೂಲೆಯಲ್ಲಿದೆ. ಬೆಳಿಗ್ಗೆ ಎದ್ದ ಕೂಡಲೇ ಅದರ ಗುಂಡಿ ಒತ್ತಿ, ಜಗುಲಿಗೆ ಹೋಗಿ ಡಿಸ್ಕುಗಳು ಬಂದವೇ ಎಂದು ನೋಡುತ್ತೇನೆ. ಬಂದಿರುತ್ತವೆ. ಆಮೇಲೆ ನಾನೇ ದೋಸೆ ಎರೆಯುತ್ತೇನೆ. ಅಣ್ಣನಿಗೆರಡು, ನನಗೆರಡು. ನನ್ನವೆರಡೂ ಬಿಸಿ ಇರುವಾಗಲೇ ತಿಂದು ಮುಗಿಯುತ್ತವೆ.

ಕೂಗುವವಳು ಇಲ್ಲ.