ಫಾಂಟುಗಳನ್ನು ಗುಡಿಸಿದ ಮೇಲೆ

ನನ್ನ ಮನೆಯ ಕಂಪ್ಯೂಟರಿನಲ್ಲಿ ಎಷ್ಟು ಫಾಂಟುಗಳಿದ್ದವು ಎಂದು ಕೇಳಿದರೆ ಹೇಳಲಾರೆ. ಖಚಿತವಿಲ್ಲದ ಸಂಖ್ಯೆ ಬರೆಯಬಾರದು ಎಂಬುದು ಯಾದಗಿರಿಯ ನಮ್ಮ ಪತ್ರಿಕಾ ಕಚೇರಿಯಲ್ಲಿ ನಾನು ಕಲಿತ ಮೊದಲ ಪಾಠ. ಇಷ್ಟು ಮಾತ್ರ ಹೇಳಬಲ್ಲೆ: ಫಾಂಟುಗಳ ಪಟ್ಟಿಯ ತುದಿ ಮುಟ್ಟುವಷ್ಟರಲ್ಲಿ ಏನು ಬರೆಯಲು ಕೂತಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ‘ಹೊಸ ಫಾಂಟು’, ‘ಹೊಸ ಫಾಂಟು ಇದೇ’, ‘ಖರೇ ಇದೇ’ ಎಂಬ ಫೋಲ್ಡರುಗಳಿದ್ದವು. ಹೆಸರಿಟ್ಟವನು ನಾನೇ. ಖರೇ ಯಾವುದು ಎಂದು ನನಗೂ ಗೊತ್ತಿರಲಿಲ್ಲ.

ಒಂದು ರಜೆಯ ದಿನ ಅವನ್ನು ಒಪ್ಪ ಮಾಡಲು ಕೂತೆ. ಮದುವೆಗೆ ಬಳುಕುವವು, ಚುನಾವಣೆಗೆ ಎದೆಯುಬ್ಬಿಸುವವು, ಸರ್ಕಾರಿ ಪ್ರಕಟಣೆಗೆ ಹುಬ್ಬು ಗಂಟಿಕ್ಕುವವು ಎಂದು ವಿಂಗಡಿಸತೊಡಗಿದೆ. ಆದರೆ ಕೆಲವು ಫಾಂಟುಗಳು ಎಲ್ಲ ಪಂಕ್ತಿಯಲ್ಲೂ ಊಟಕ್ಕೆ ಕೂರುವ ಗಿರಾಕಿಗಳು. ತಾಳೆಗರಿ ಸೀಳಬಾರದೆಂದು ನಮ್ಮ ಅಕ್ಷರಗಳು ದುಂಡಗಾದವಂತೆ, ದೃಢಪಟ್ಟಿಲ್ಲ. ಕಂಪ್ಯೂಟರಿನಲ್ಲಿ ಸೀಳುವಂಥದ್ದು ಏನೂ ಇಲ್ಲದ್ದರಿಂದಲೇ ಅವು ಹೀಗೆ ಬೇಕಾದ ರೂಪ ತಾಳುತ್ತಿವೆಯೇನೋ. ಗೊಂದಲ ಹೆಚ್ಚಿ, ಕಚೇರಿಯಲ್ಲಿ ದಿನವೂ ಬಳಸುವ ಕೆಲವನ್ನು ಉಳಿಸಿ ಮಿಕ್ಕವನ್ನೆಲ್ಲ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಅದೇ ವಾರ ಸುರಪುರದ ನನ್ನ ಸೋದರತ್ತೆಯ ಮೊಮ್ಮಗಳು ಸುನೀತಾಳ ಲಗ್ನಪತ್ರಿಕೆಯ ಕೆಲಸ ನನಗೆ ಬಂತು. ಪೇಪರಿನವನೆಂದರೆ ಪತ್ರಿಕೆ ಯಾವುದಾದರೂ ಒಂದೇ ಎಂಬುದು ನೆಂಟರ ನಂಬಿಕೆ. ಉಳಿದ ಫಾಂಟುಗಳಲ್ಲಿ ಚೆಲುವಾದದ್ದನ್ನು ಆರಿಸಿ, ಹೆಸರು, ಮುಹೂರ್ತ, ಸ್ಥಳವನ್ನೆಲ್ಲ ಎರಡೆರಡು ಸಲ ತಾಳೆ ನೋಡಿ, ಬಿಳಿ ಹಾಳೆಯಲ್ಲಿ ಮಾದರಿ ಮುದ್ರಿಸಿ ಸುರಪುರಕ್ಕೆ ಒಯ್ದೆ.

ಅತ್ತೆ ಹಾಳೆ ನೋಡಿದವಳೇ ಕೆಳಗಿಟ್ಟಳು. “ಇವು ನಿಮ್ಮ ಮಾವನ ಅಕ್ಷರ. ದೇವರ ಮುಂದ ಹ್ಯಾಂಗ ಇಡ್ಲಿ?”

ಗೋಡೆಯ ಮೇಲೆ ಮಾವನ ಫೋಟೊ ಇತ್ತು. ಅದರ ಕೆಳಗೆ, ಕಟ್ಟು ಹಾಕಿಸಿದ ನಿಧನವಾರ್ತೆ, ನಮ್ಮ ಪತ್ರಿಕೆಯದೇ. ಅದೇ ಫಾಂಟು.

“ಅಕ್ಷರಕ್ಕೇನು ಗೊತ್ತು ಅತ್ತೀ? ಏನು ಬರದದ ಅನ್ನೋದು ಮುಖ್ಯ,” ಎಂದೆ.

“ನನಗ ಓದಾಕ ಬರಂಗಿಲ್ಲ ತಮ್ಮಾ. ನೋಡಾಕ ಬರ್ತದ.”

ಸುನೀತಾ ಹಾಳೆ ಎತ್ತಿಕೊಂಡಳು. “ಸತ್ತವರ ಸುದ್ದಿ ಹಾಕಿ ಹಾಕಿ ನಿಮ್ಮ ಕೈ ಅದಕ್ಕ ಕುಂತದ, ಮಾಮಾ. ಇದನ್ನ ನೋಡಿ ಮಂದಿ ಮದಿವಿ ಆಯೇರಿ ತರ್ತಾರೋ, ಹೆಣಕ್ಕ ಮಾಲಿ ತರ್ತಾರೋ?” ಎಂದು ನಕ್ಕಳು. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಮನೆಯಲ್ಲಿ ಮೊದಲ ಪತ್ರಿಕೆಯನ್ನು ಹಿರಿಯಳು ದೇವರ ಮುಂದಿಡದೆ ಊರಿಗೆ ಹಂಚುವಂತಿಲ್ಲ. ಶಹಾಪುರ, ಕೊಡೇಕಲ್ಲಿನ ಬೀಗರು ಆಗಲೇ ಫೋನು ಮಾಡಿ ಕೇಳತೊಡಗಿದ್ದರು.

ಮರಳುವಾಗ ಶಹಾಪುರದ ಪರಿಚಿತ ಫ್ಲೆಕ್ಸ್ ಅಂಗಡಿಯವರ ಮುಂದೆ ಪೆನ್ ಡ್ರೈವ್ ಚಾಚಿದೆ. ಅವರು ಫಾಂಟುಗಳ ದೊಡ್ಡ ಗಂಟನ್ನೇ ಅದಕ್ಕೆ ತುಂಬಿದರು.

“ಇದರಾಗ ಮದಿವೀವು ಯಾವ್ರಿ?”

“ಎಲ್ಲಾ ನಡೀತಾವ್ರಿ ಸರ. ಮದಿವಿಗೂ ನಡೀತಾವ, ಎಲೆಕ್ಷನ್ನಿಗೂ ನಡೀತಾವ. ಎರಡರಾಗೂ ಕೈ ಮುಗಿಯೋದೇ ಅಲ್ರಿ?”

ಗುಡಿಸಿದ ಕಸವೆಲ್ಲ ಹೀಗೆ ಮನೆಗೆ ಮರಳಿತು, ಜೊತೆಗೆ ನನ್ನ ಗೊಂದಲವೂ. ಕೊನೆಗೆ ಒಂದನ್ನು ಕಣ್ಣುಮುಚ್ಚಿ ಆರಿಸಿದೆ. ಅದರಲ್ಲಿ ಸುನೀತಾ ಎಂಬ ಹೆಸರು ಹೀರೆಬಳ್ಳಿಯ ಹಾಗೆ ಹಬ್ಬಿ ವರನ ಹೆಸರನ್ನು ತಡವುತ್ತಿತ್ತು. ಅನುಮಾನದಿಂದಲೇ ಮತ್ತೆ ಸುರಪುರಕ್ಕೆ ಹೋದೆ.

ಅತ್ತೆ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಒಡ್ಡಿ, ಬಹಳ ಹೊತ್ತು ನೋಡಿದಳು. ಸುನೀತಾ ಪಕ್ಕದಲ್ಲೇ ನಿಂತಿದ್ದಳು. “ಹಾಂ, ಈಗ ಮದಿವಿ ಆತು ನೋಡು,” ಎಂದು ಅತ್ತೆ ಎದ್ದು ಹಾಳೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ಹಾಳೆ ತಲೆಕೆಳಗಾಗಿತ್ತು. ಮಾವನ ಅಕ್ಷರಗಳನ್ನು ದಿನವೂ ನೋಡಿದ ಕಣ್ಣಿಗೆ ಈ ಹೊಸ ಅಕ್ಷರಗಳ ತಲೆ ಯಾವುದು, ಕಾಲು ಯಾವುದು ಎಂದು ಹೇಗೆ ತಿಳಿಯಬೇಕು? ತಪ್ಪು ಕಂಡಲ್ಲಿ ತಿದ್ದುವುದು ನನ್ನ ವೃತ್ತಿ. ಕೈ ತಾನಾಗಿ ಮುಂದಾಯಿತು. ಸುನೀತಾ ನನ್ನ ಕಡೆ ನೋಡಿದಳು. ನಾನು ಕೈ ಜೋಡಿಸಿ ನಮಸ್ಕಾರ ಮಾಡಿದೆ.