ಏಳನೇ ನಂಬರಿನ ಚಪ್ಪಲಿ

“ನಾನೊಂದಿನ ರಜಾ ಹಾಕಿದ್ರೆ ಈ ಆಸ್ಪತ್ರೇಲಿ ಒಂದ್ ಹೊಟ್ಟೇನೂ ಕೊಯ್ಯಕ್ಕಾಗಲ್ಲ!” ಎನ್ನುತ್ತಾರೆ ಚಪ್ಪಲಿ ಅಜ್ಜಿ. ಮರುಕ್ಷಣ ತಾವೇ ನಗುತ್ತಾರೆ. “ಅರ್ಧ ಸುಳ್ಳು ಅನ್ಕೊಳ್ಳಿ. ಕೊಯ್ತಾರೆ, ಬರಿಗಾಲಲ್ಲಿ.”

ಬೆಳಗಿನ ಆರು ಗಂಟೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಅಜ್ಜಿ ನಲವತ್ತು ಜೊತೆ ರಬ್ಬರ್ ಚಪ್ಪಲಿ ತಿಕ್ಕುತ್ತಿದ್ದಾರೆ. ಡಾಕ್ಟರುಗಳು ಹೊರಗಿನ ಶೂ ಇಲ್ಲಿನ ಹಲಗೆಯ ಕೆಳಗೆ ಬಿಟ್ಟು, ಹಲಗೆಯ ಮೇಲೆ ತಮಗೆಂದೇ ಇಟ್ಟ ನಂಬರಿನ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸವಿದು, ಇಪ್ಪತ್ತೆರಡು ವರ್ಷವಾಯಿತು. ಓದಿದ್ದು ಎರಡನೇ ಕ್ಲಾಸು. ನಂಬರು ಗುರುತಿಸಲು ಅಷ್ಟು ಸಾಕು.

ಸರ್ಜರಿ ಕಲಿಯುವ ಡಾಕ್ಟರುಗಳು ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ದುಡಿಯಬಾರದೆಂದು ನಿಯಮವಿದೆ. ಹೊತ್ತು ಮುಗಿದಾಗ ‘ಹೊರಟೆ’ ಎಂದು ಪುಸ್ತಕದಲ್ಲಿ ಸಹಿ ಹಾಕುತ್ತಾರೆ, ಮತ್ತೆ ಒಳಗೇ ಹೋಗುತ್ತಾರೆ. “ಪುಸ್ತಕ ಸುಳ್ಳು ಹೇಳುತ್ತೆ. ಶೂ ಹೇಳಲ್ಲ. ಮನೆಗೆ ಹೋದೋರ ಶೂ ಇಲ್ಯಾಕೆ ಇರುತ್ತೆ?”

ಏಳನೇ ನಂಬರಿನ ಜೊತೆಯನ್ನು ಅಜ್ಜಿ ದಿನಾ ತೊಳೆದಿಡುತ್ತಾರೆ, ಯಾರಿಗೂ ಕೊಡುವುದಿಲ್ಲ. ಅದನ್ನು ಮೆಟ್ಟುತ್ತಿದ್ದ ಡಾಕ್ಟರು ನಾಲ್ಕು ವರ್ಷದ ಹಿಂದೆ, ಮೂವತ್ತಾರು ಗಂಟೆ ದುಡಿದು ಬೈಕ್ ಹತ್ತಿದವರು, ದಾರಿಯಲ್ಲಿ ತೂಕಡಿಸಿ ಲಾರಿಗೆ ಗುದ್ದಿ ಹೋಗಿಬಿಟ್ಟರು. “ಶೂ ಎತ್ತಿಕೊಟ್ಟಿದ್ದೇ ನಾನು. ‘ಹುಷಾರು ಮಗ’ ಅಂದೆ. ಸ್ವಲ್ಪ ಮಲಗಿ ಹೋಗು ಅನ್ಲಿಲ್ಲ.” ಬ್ರಷ್ಷು ನಿಲ್ಲುತ್ತದೆ.

ಹೋದ ತಿಂಗಳು ಇದೇ ಹೊತ್ತಿಗೆ ತರಬೇತಿಯ ಹುಡುಗಿಯೊಬ್ಬಳು ಒಳಗೆ ಹೊರಟಿದ್ದಳು. ಹಿಂದಿನ ಸಂಜೆಯೇ ‘ಹೊರಟೆ’ ಎಂದು ಸಹಿ ಹಾಕಿದವಳು. ಶೂ ಮಾತ್ರ ಎರಡು ದಿನದಿಂದ ಹಲಗೆಯ ಕೆಳಗಿಂದ ಕದಲಿರಲಿಲ್ಲ.

“ಮಗಳೇ, ಕಾಲು ನೋಡ್ಕೊ.”

ಎಡಗಾಲಲ್ಲಿ ಅವಳ ಮೂರನೇ ನಂಬರು. ಬಲಗಾಲಲ್ಲಿ ಏಳು.

“ಬಿಡಜ್ಜಿ, ಇದೊಂದೇ ಆಪರೇಷನ್. ಈಗ ಹೋದ್ರೆ ದೊಡ್ಡ ಸರ್ ಮತ್ತೆ ನನ್ನ ಕರೆಯಲ್ಲ.”

“ಮೂರು ಯಾವ್ದು ಏಳು ಯಾವ್ದು ಕಾಣದ ಕಣ್ಣಲ್ಲಿ ಕತ್ತರಿ ಹಿಡೀತೀಯಾ? ನನ್ನ ತುಳ್ಕೊಂಡ್ ಹೋಗು ನೋಡೋಣ!” ಅಜ್ಜಿ ಬಾಗಿಲಿಗೆ ಅಡ್ಡ ಕೂತರು.

ಅಷ್ಟರಲ್ಲಿ ದೊಡ್ಡ ಸರ್ ಬಂದರು. “ಏನಮ್ಮ ಇದು? ಕೆಲಸ ಬೇಡ್ವಾ ನಿಮಗೆ?”

ಅಜ್ಜಿ ಹುಡುಗಿಯ ಕಾಲಿನತ್ತ ಬೆರಳು ತೋರಿಸಿದರು. ಸರ್ ಏಳನ್ನು ನೋಡಿದರು. ಅದು ಯಾರ ಚಪ್ಪಲಿಯೆಂದು ಅವರಿಗೂ ಗೊತ್ತಿತ್ತು.

ಆಮೇಲೆ?

ಅಜ್ಜಿ ಹಲಗೆ ತೋರಿಸುತ್ತಾರೆ. ಮೂರನೇ ನಂಬರಿನ ಚಪ್ಪಲಿ ಒಣಗುತ್ತಿದೆ. ಕೆಳಗೆ ಶೂ ಇಲ್ಲ. “ನಿನ್ನೆ ಸಂಜೆ ‘ಹೊರಟೆ’ ಅಂತ ಸಹಿ ಹಾಕಿದ ಹುಡುಗಿ ಈಗ ಮನೇಲಿ ಮಲಗಿದಾಳೆ. ನಾನಿನ್ನೂ ಇಲ್ಲೇ ತಿಕ್ತಾ ಕೂತಿದೀನಿ. ಸರ್ ಏನಂದಿರ್ತಾರೆ? ನೀವೇ ಹೇಳಿ ನೋಡೋಣ.”